ಖಾಲಿ ಲಕೋಟೆಯ ವಿದ್ಯಾರ್ಥಿವೇತನ: ದತ್ತಿ ದಾನಿಗಳಿಗೂ ಸಮಿತಿಗಳಿಗೂ ಒಂದು ಬಹಿರಂಗ ಪತ್ರ

ಇವರಿಗೆ,
ಅಗಲಿದ ಹಿರಿಯರ, ಮಕ್ಕಳ, ಗುರುಗಳ ಹೆಸರಿನಲ್ಲಿ ಪ್ರೌಢಶಾಲೆ ಮುಗಿಸಿದ ವಿದ್ಯಾರ್ಥಿಗಳಿಗೆ ವೇತನ ನೀಡುತ್ತಿರುವ ಕುಟುಂಬದವರಿಗೂ, ಆ ನಿಧಿಗಳ ಧರ್ಮದರ್ಶಿಗಳಿಗೂ, ಆಯ್ಕೆ ಸಮಿತಿಗಳ ಸದಸ್ಯರಿಗೂ

ವಿಷಯ: ಸ್ಮರಣಾರ್ಥ ವಿದ್ಯಾರ್ಥಿವೇತನಗಳ ಅರ್ಜಿ, ಆಯ್ಕೆ ಮತ್ತು ಪಾವತಿಯ ಕ್ರಮವನ್ನು ಬದಲಿಸುವಂತೆ ಕೋರಿ

ಮಾನ್ಯರೇ,

ಇಂಥದೊಂದು ದತ್ತಿಯ ಆಯ್ಕೆ ಸಮಿತಿಯಲ್ಲಿ ನಾನು ಕೆಲವು ವರ್ಷ ಇದ್ದೆ. ಅರ್ಜಿಗಳನ್ನು ಓದಿದ್ದೇನೆ, ಅಂಕಪಟ್ಟಿಯ ನಕಲುಗಳನ್ನು ಒಂದಕ್ಕೊಂದು ಹೋಲಿಸಿ ನೋಡಿದ್ದೇನೆ, ಆಯ್ಕೆಯಾದವರ ಹೆಸರುಗಳನ್ನು ವೇದಿಕೆಯಿಂದ ಓದಿದ್ದೇನೆ. ಈಗ ಆ ಸಮಿತಿಯಲ್ಲಿಲ್ಲ. ಇದ್ದಾಗ ಸಭೆಯೊಳಗೆ ಹೇಳಿದ್ದನ್ನೇ ಈಗ ಹೊರಗಿನಿಂದ ನಿಮ್ಮೆಲ್ಲರಿಗೂ ಬರೆಯುತ್ತಿದ್ದೇನೆ. ಬೇರೆ ಬೇರೆ ದತ್ತಿಗಳ ಅರ್ಜಿ ನಮೂನೆಗಳನ್ನು ತರಿಸಿ ನೋಡಿದ ಮೇಲೆ, ಇದು ಯಾವುದೋ ಒಂದು ಸಮಿತಿಯ ಚಾಳಿಯಲ್ಲ, ಎಲ್ಲೆಡೆ ಬೇರೂರಿದ ರೂಢಿ ಎಂಬುದು ನನಗೆ ಖಚಿತವಾಗಿದೆ. ನನ್ನ ದೂರು ಇಷ್ಟು: ನಮ್ಮ ನಿಯಮಗಳೆಲ್ಲ ತೀರಿಕೊಂಡವರ ನೆನಪನ್ನು ಹೇಗೆ ನಡೆಸಿಕೊಂಡು ಹೋಗಬೇಕೆಂದು ಯೋಚಿಸಿ ಬರೆದಂಥವು. ಓದು ಮುಂದುವರಿಸಬೇಕಾದ ಹುಡುಗನಿಗೋ ಹುಡುಗಿಗೋ ಯಾವ ಹೊತ್ತಿಗೆ, ಎಷ್ಟು, ಹೇಗೆ ಬೇಕು ಎಂದು ಯೋಚಿಸಿ ಬರೆದಂಥವಲ್ಲ.

ದಾನಿಗಳ ಮನಸ್ಸನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ಅಪಘಾತದಲ್ಲಿ ಮಗನನ್ನು ಕಳೆದುಕೊಂಡ ತಾಯಿಯೊಬ್ಬರು ನಿಧಿ ಸ್ಥಾಪಿಸಲು ಬಂದಿದ್ದರು. ಕಾರ್ಯದರ್ಶಿಗಳು ನಿಯಮಗಳ ಕರಡನ್ನು ಓದುತ್ತಿದ್ದರೆ ಅವರ ಗಮನವೆಲ್ಲ ಬೇರೆಲ್ಲೋ ಇತ್ತು. ಮೂಲಧನ, ಬಡ್ಡಿ, ಅರ್ಹತೆ ಎಲ್ಲ ಮುಗಿದ ಮೇಲೆ ಅವರು ಕೇಳಿದ್ದು ಒಂದೇ ಮಾತು: ‘ವರ್ಷಕ್ಕೊಮ್ಮೆಯಾದರೂ ಅವನ ಹೆಸರನ್ನು ಯಾರಾದರೂ ಗಟ್ಟಿಯಾಗಿ ಕರೆಯುತ್ತಾರಲ್ಲ?’ ಆ ಕೋಣೆಯಲ್ಲಿ ಯಾರಿಗೂ ತಕ್ಷಣ ಉತ್ತರ ಹೊರಡಲಿಲ್ಲ. ಹೆಸರು ಉಳಿಯಬೇಕೆಂಬ ಆಸೆಯಲ್ಲಿ ತಪ್ಪೇನೂ ಇಲ್ಲ. ಆ ಆಸೆ ಇಲ್ಲದಿದ್ದರೆ ಈ ನಿಧಿಗಳಲ್ಲಿ ಮುಕ್ಕಾಲುಪಾಲು ಹುಟ್ಟುತ್ತಲೇ ಇರಲಿಲ್ಲ. ಆದರೆ ಆ ತಾಯಿ ಕೇಳಿದ್ದು ಹೆಸರು ಕರೆಯುವುದನ್ನು ಮಾತ್ರ. ಉಳಿದ ಕಟ್ಟುಪಾಡುಗಳನ್ನೆಲ್ಲ ಸೇರಿಸಿದವರು ನಾವು, ಸಮಿತಿಯವರು.

ಮೊದಲು ಪಾವತಿಯ ವಿಚಾರ. ಪ್ರದಾನ ಸಮಾರಂಭಗಳಲ್ಲಿ ನಡೆಯುವುದು ನಿಮಗೆ ಗೊತ್ತಿದೆ. ಸ್ವಾಗತ, ಅಗಲಿದವರ ಗುಣಗಾನ, ಅತಿಥಿಗಳ ಭಾಷಣ, ಆಮೇಲೆ ವಿದ್ಯಾರ್ಥಿಯನ್ನು ವೇದಿಕೆಗೆ ಕರೆದು ಕೈಗೊಂದು ಲಕೋಟೆ. ಛಾಯಾಗ್ರಾಹಕ ಇನ್ನೊಮ್ಮೆ ಎಂದರೆ ಲಕೋಟೆ ದಾನಿಗಳ ಕೈಗೆ ಮರಳಿ, ಮತ್ತೆ ವಿದ್ಯಾರ್ಥಿಯ ಕೈಗೆ ಬರಬೇಕು. ಅಂಥ ಒಂದು ಸಂಜೆ, ಸಭಾಂಗಣದ ಹೊರಗಿನ ಓಣಿಯಲ್ಲಿ ಒಬ್ಬ ತಂದೆ ಗೋಡೆಗೆ ಮುಖ ಮಾಡಿ ನಿಂತು, ಮಗಳಿಗೆ ಸಿಕ್ಕಿದ ಲಕೋಟೆಯನ್ನು ಅಂಚು ಹರಿಯದಂತೆ ಬಿಡಿಸುತ್ತಿದ್ದರು. ಒಳಗಿದ್ದುದು ಪ್ರಶಸ್ತಿ ಪತ್ರ, ಅದರ ಹಿಂದೆ ಮಡಿಸಿದ ಒಂದು ಸುತ್ತೋಲೆ. ಕಾಲೇಜಿಗೆ ಸೇರಿ, ಶುಲ್ಕ ಕಟ್ಟಿದ ಮೂಲ ರಸೀದಿ, ವ್ಯಾಸಂಗ ಪ್ರಮಾಣ ಪತ್ರ ಮತ್ತು ಮೊದಲ ಪರೀಕ್ಷೆಯ ಫಲಿತಾಂಶ ಸಲ್ಲಿಸಿದ ನಂತರ ಹಣ ಬಿಡುಗಡೆ ಮಾಡಲಾಗುವುದು ಎಂದು ಅದರಲ್ಲಿತ್ತು. ಅವರು ಎರಡು ಸಲ ಓದಿದರು. ಲಕೋಟೆಯೊಳಗೆ ಬೆರಳು ಹಾಕಿ ಇನ್ನೊಮ್ಮೆ ನೋಡಿದರು. ಮಗಳು ಅಷ್ಟು ಹೊತ್ತಿಗೆ ಗೆಳತಿಯರೊಂದಿಗೆ ಫೋಟೋ ತೆಗೆಸಿಕೊಳ್ಳುತ್ತಿದ್ದಳು.

ಶುಲ್ಕ ಕಟ್ಟಿ ರಸೀದಿ ತಂದವರಿಗೆ ಹಣ ಎಂಬ ನಿಯಮ ಲೆಕ್ಕಪರಿಶೋಧಕರಿಗೆ ಹಿತವಾದದ್ದು, ನಿಜ. ಆದರೆ ಅದು ಯಾರಿಗೆ ಅನುಕೂಲ ಎಂದು ಒಂದು ಗಳಿಗೆ ಯೋಚಿಸಿ. ಮೊದಲು ಕಟ್ಟಿ ಆಮೇಲೆ ಪಡೆಯುವ ಶಕ್ತಿ ಇರುವ ಮನೆಗೆ. ಆ ಶಕ್ತಿ ಇಲ್ಲದ ಮನೆ ಸಾಲ ಮಾಡುತ್ತದೆ, ಮತ್ತು ನಿಮ್ಮ ವೇತನದ ಒಂದು ಪಾಲು ಸಾಲ ಕೊಟ್ಟವನ ಬಡ್ಡಿಗೆ ಹೋಗುತ್ತದೆ. ಸಾಲವೂ ಹುಟ್ಟದ ಮನೆಯ ಹುಡುಗ ಸೇರುವ ದಿನಾಂಕ ತಪ್ಪಿಸಿಕೊಳ್ಳುತ್ತಾನೆ. ಆಗ ನಾವು ‘ವಿದ್ಯಾರ್ಥಿ ದಾಖಲೆ ಸಲ್ಲಿಸಿಲ್ಲ’ ಎಂದು ಷರಾ ಬರೆದು ಹಣವನ್ನು ಮೂಲಧನಕ್ಕೆ ಸೇರಿಸುತ್ತೇವೆ. ವಾರ್ಷಿಕ ವರದಿಯಲ್ಲಿ ಇದು ‘ಉಳಿತಾಯ’ ಎಂಬ ಶೀರ್ಷಿಕೆಯಡಿ ಬಂದದ್ದನ್ನು ನಾನೇ ಓದಿದ್ದೇನೆ.

ಶಾಲೆ ಮುಗಿದು ಕಾಲೇಜು ಶುರುವಾಗುವ ನಡುವಿನ ಆ ಕೆಲವು ವಾರಗಳೇ ಓದು ನಿಂತುಹೋಗುವ ಕಾಲ. ಶಾಲೆಯ ಶಿಕ್ಷಕರ ಕಣ್ಣು ಆಗ ಮುಂದಿನ ತರಗತಿಯ ಮೇಲಿರುತ್ತದೆ. ಕಾಲೇಜಿನವರಿಗೆ ಈ ಮಗುವಿನ ಪರಿಚಯ ಇನ್ನೂ ಇರುವುದಿಲ್ಲ. ಠೇವಣಿ, ಪುಸ್ತಕ, ವಸತಿ, ಪ್ರಯಾಣ ಎಲ್ಲ ಒಟ್ಟಿಗೆ ಮೈಮೇಲೆ ಬೀಳುವುದೂ ಆಗಲೇ. ಸಮಾರಂಭಕ್ಕೆ ನಾವು ಆರಿಸುವ ದಿನವೋ, ಅಗಲಿದವರ ಜನ್ಮದಿನ ಅಥವಾ ಪುಣ್ಯತಿಥಿ. ಅದು ಕಾಲೇಜು ಸೇರಿ ಅರ್ಧ ವರ್ಷ ಕಳೆದ ಮೇಲೆ ಬಂದರೂ ನಮಗೆ ತೊಂದರೆಯಿಲ್ಲ, ಹೂಮಾಲೆಗೂ ತೊಂದರೆಯಿಲ್ಲ.

ಇನ್ನು ಅರ್ಜಿ. ನಾನು ನೋಡಿದ ನಮೂನೆಗಳಲ್ಲಿ ಎರಡು ಪ್ರಶ್ನೆಗಳು ತಪ್ಪದೆ ಇರುತ್ತವೆ. ಒಂದು, ‘ನಿಮ್ಮ ಕುಟುಂಬದ ಕಷ್ಟಗಳನ್ನು ವಿವರಿಸಿ’. ಇನ್ನೊಂದು, ‘ದಿವಂಗತರ ಆದರ್ಶಗಳು ನಿಮ್ಮ ಜೀವನದಲ್ಲಿ ಹೇಗೆ ಪ್ರೇರಣೆಯಾಗಿವೆ?’ ಎರಡನೆಯದನ್ನು ಓದಿ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ. ತಾನು ಹುಟ್ಟುವ ಮೊದಲೇ ತೀರಿಕೊಂಡ, ಎಂದೂ ಕಂಡಿರದ ವ್ಯಕ್ತಿಯಿಂದ ಹದಿನಾರು ಹದಿನೇಳರ ಮಗು ಏನು ಪ್ರೇರಣೆ ಪಡೆದೀತು? ಅದು ಹಿಂದಿನ ವರ್ಷದ ಆಹ್ವಾನ ಪತ್ರಿಕೆಯಲ್ಲಿರುವ ಪರಿಚಯವನ್ನು ಹುಡುಕಿ ತಂದು, ವಾಕ್ಯ ಹಿಂದುಮುಂದು ಮಾಡಿ ಬರೆಯುತ್ತದೆ. ಒಂದೇ ಅಲ್ಪವಿರಾಮದ ತಪ್ಪು ಇಡೀ ಕಟ್ಟಿನಲ್ಲಿ ಹರಿದಾಡಿದ್ದನ್ನು ನಾವು ಸಮಿತಿಯಲ್ಲಿ ಕಂಡಿದ್ದೇವೆ. ಮಕ್ಕಳಿಗೆ ನಾವು ಕಲಿಸುತ್ತಿರುವ ಮೊದಲ ಪಾಠ, ಹಣವಿರುವವರ ಮುಂದೆ ಹೇಗೆ ಮಾತನಾಡಬೇಕು ಎಂಬುದು.

ಮೊದಲನೆಯ ಪ್ರಶ್ನೆ ನಗುವಂಥದ್ದಲ್ಲ. ಕಷ್ಟವನ್ನು ಚೆನ್ನಾಗಿ ಬರೆಯಬಲ್ಲವರಿಗೆ ಅಂಕ ಹೆಚ್ಚು. ಮನೆಯ ಕಷ್ಟವನ್ನು ಪರರ ಮುಂದೆ ಬಿಚ್ಚಿಡಬಾರದೆಂದು ಬೆಳೆದ ಹುಡುಗ ‘ತಂದೆಗೆ ಆರೋಗ್ಯವಿಲ್ಲ’ ಎಂದು ಒಂದು ಸಾಲು ಬರೆದು ನಿಲ್ಲಿಸುತ್ತಾನೆ. ಅಂಥ ಒಂದು ಅರ್ಜಿಯನ್ನು ಪಕ್ಕಕ್ಕಿಡುತ್ತಾ ಸದಸ್ಯರೊಬ್ಬರು ‘ಇದರಲ್ಲಿ ಭಾವನೆಯೇ ಇಲ್ಲ’ ಎಂದರು. ಆದಾಯ ಪ್ರಮಾಣ ಪತ್ರ ಅದೇ ಅರ್ಜಿಗೆ ಲಗತ್ತಾಗಿತ್ತು. ಭಾವನೆ ಹುಡುಕುವ ಅಗತ್ಯವೇ ಇರಲಿಲ್ಲ. ಕೊಡುವವರ ಕಣ್ಣಲ್ಲಿ ನೀರು ತರಿಸಿದರಷ್ಟೇ ಹಣ ಎಂದಾದರೆ ಅದಕ್ಕೆ ಬೇರೆ ಹೆಸರಿದೆ, ಅದು ವಿದ್ಯಾರ್ಥಿವೇತನವಲ್ಲ.

ಅರ್ಹತೆಯ ಷರತ್ತುಗಳ ಬಗ್ಗೆ ಬರೆಯಲು ಹೊರಟರೆ ಇತಿಹಾಸವನ್ನೇ ತೆರೆಯಬೇಕಾಗುತ್ತದೆ, ಏಕೆಂದರೆ ಈ ರೋಗ ಹಳೆಯದು. ಆಕ್ಸ್‌ಫರ್ಡ್‌ನ ಆಲ್ ಸೋಲ್ಸ್ ಕಾಲೇಜನ್ನು 1438ರಲ್ಲಿ ಸ್ಥಾಪಿಸಿದವರು ಆರ್ಚ್‌ಬಿಷಪ್ ಹೆನ್ರಿ ಚಿಚೆಲಿ. ಅವರು ಮದುವೆಯಾಗದ ಧರ್ಮಗುರು, ನೇರ ಸಂತಾನದ ಮಾತೇ ಇಲ್ಲ. ಆದರೂ ‘ಸಂಸ್ಥಾಪಕರ ರಕ್ತಸಂಬಂಧಿ’ಗಳಿಗೆ ಮೊದಲ ಮಣೆ ಎಂಬ ನಿಯಮದ ಬಲದಿಂದ, ಮುನ್ನೂರು ವರ್ಷ ಕಳೆದ ಮೇಲೂ ವಂಶವೃಕ್ಷ ಹಿಡಿದುಕೊಂಡು ಬರುವವರು ನಿಂತಿರಲಿಲ್ಲ. ಅಣ್ಣತಮ್ಮಂದಿರ ಮಕ್ಕಳ ಮೊಮ್ಮಕ್ಕಳ ಮರಿಮಕ್ಕಳೆಂದು ಸಾಧಿಸಿ ಸ್ಥಾನ ಕೇಳುತ್ತಿದ್ದರು. 19ನೆಯ ಶತಮಾನದ ಮಧ್ಯಭಾಗದಲ್ಲಿ ಸರ್ಕಾರವೇ ಕೈಹಾಕಿ ಆ ಹಕ್ಕನ್ನು ತೆಗೆಯಬೇಕಾಯಿತು. ಶಿಕಾಗೋದ ಲೊಯೊಲಾ ವಿಶ್ವವಿದ್ಯಾಲಯದಲ್ಲಿ ಜೋಲ್ಪ್ ಎಂಬ ಉಪನಾಮವುಳ್ಳ ಕ್ಯಾಥೊಲಿಕ್ ವಿದ್ಯಾರ್ಥಿಗಳಿಗೆಂದೇ ಮೀಸಲಾದ ವೇತನವೊಂದು ಹೆಸರುವಾಸಿ. ಜೋಲ್ಪ್ ಆಗಿ ಹುಟ್ಟುವುದಕ್ಕಿಂತ ಪ್ರವೇಶ ಪರೀಕ್ಷೆ ಸುಲಭ. ಸೆಸಿಲ್ ರೋಡ್ಸ್ 1902ರಲ್ಲಿ ತೀರಿಕೊಂಡಾಗ, ಆಕ್ಸ್‌ಫರ್ಡ್‌ನಲ್ಲಿ ಓದಲು ಅವರ ಹೆಸರಿನಲ್ಲಿ ಕೊಡುವ ರೋಡ್ಸ್ ವಿದ್ಯಾರ್ಥಿವೇತನ ಪುರುಷರಿಗೆ ಮಾತ್ರ ಎಂದು ಉಯಿಲಿನಲ್ಲಿತ್ತು. ಬ್ರಿಟನ್ನಿನಲ್ಲಿ 1975ರ ಲಿಂಗ ತಾರತಮ್ಯ ವಿರೋಧಿ ಕಾಯ್ದೆ ಬಂದ ಮೇಲೆ, 1977ರಲ್ಲಷ್ಟೇ ಮೊದಲ ಮಹಿಳೆಯರು ರೋಡ್ಸ್ ವಿದ್ಯಾರ್ಥಿಗಳಾಗಿ ಆಕ್ಸ್‌ಫರ್ಡ್‌ಗೆ ಬಂದರು. ಸತ್ತವರ ಒಂದು ಪದ ಬದುಕಿರುವವರನ್ನು ಮುಕ್ಕಾಲು ಶತಮಾನ ಬಾಗಿಲ ಹೊರಗೆ ನಿಲ್ಲಿಸಿತು.

ಇವು ದೊಡ್ಡವರ ಕಥೆಗಳು, ನಮ್ಮ ಪುಟ್ಟ ನಿಧಿಗಳಿಗೂ ಇವಕ್ಕೂ ಏನು ಸಂಬಂಧ ಎನ್ನಬೇಡಿ. ಇಂಥದೇ ಶಾಲೆ, ಇಂಥದೇ ವಿಷಯ, ಇಂಥದೇ ಆಟ, ಇಂಥದೇ ಸಮುದಾಯ ಎಂದು ನಾಲ್ಕು ಷರತ್ತುಗಳನ್ನು ಒಂದರ ಮೇಲೊಂದು ಹೇರಿದರೆ ಪುಟ್ಟ ನಿಧಿಗೇ ಹೆಚ್ಚು ಪೆಟ್ಟು. ಶಾಲೆ ಮುಚ್ಚುತ್ತದೆ, ಆ ವಿಷಯದ ಬೋಧನೆ ನಿಲ್ಲುತ್ತದೆ, ಅರ್ಹರಾದ ಒಬ್ಬರೂ ಅರ್ಜಿ ಹಾಕುವುದಿಲ್ಲ. ಹಣ ಬೆಳೆಯುತ್ತಾ ಕೂರುತ್ತದೆ. ಪಕ್ಕದ ಬೆಂಚಿನ ಹುಡುಗಿ ಓದು ಬಿಡುತ್ತಾಳೆ. ದತ್ತಿ ಪತ್ರ ತಿದ್ದಬೇಕಾದರೆ ಕೋರ್ಟಿಗೆ ಹೋಗಬೇಕು, ಅದರ ಖರ್ಚಿಗೆ ಬಡ್ಡಿ ಸಾಲದು ಎಂದು ಧರ್ಮದರ್ಶಿಗಳು ಕೈ ಚೆಲ್ಲುತ್ತಾರೆ. ಹೊಸದಾಗಿ ನಿಧಿ ಸ್ಥಾಪಿಸುವವರಾದರೂ ಒಂದು ವಾಕ್ಯ ಸೇರಿಸಬಾರದೇ: ‘ಈ ಷರತ್ತಿಗೆ ಹೊಂದುವವರು ಸಿಗದ ವರ್ಷ, ಅಗತ್ಯವಿರುವ ಬೇರೆ ವಿದ್ಯಾರ್ಥಿಗೆ ಕೊಡತಕ್ಕದ್ದು.’

ರಕ್ತಸಂಬಂಧದ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು. ದಾನಿ ಕುಟುಂಬದವರು ಆಯ್ಕೆ ಸಮಿತಿಯಲ್ಲಿ ಕೂರುವುದು ಸರಿಯಲ್ಲ. ಅವರು ಅಪ್ರಾಮಾಣಿಕರೆಂದು ನಾನು ಹೇಳುತ್ತಿಲ್ಲ. ಆದರೆ ಅವರು ಕೋಣೆಯಲ್ಲಿದ್ದರೆ ಉಳಿದವರು ಬಾಯಿ ಬಿಡುವುದಿಲ್ಲ. ‘ಈ ಹುಡುಗನನ್ನು ನೋಡಿದರೆ ನಮ್ಮ ತಂದೆಯವರ ನೆನಪಾಗುತ್ತದೆ’ ಎಂದು ಹಿರಿಯ ಮಗ ಅಂದ ಕೂಡಲೇ ಆ ಸಭೆ ಮುಗಿದಂತೆ. ಅಂಕಪಟ್ಟಿ, ಆದಾಯ ಪತ್ರ ಯಾವುದೂ ಆಮೇಲೆ ತೆರೆದುಕೊಳ್ಳುವುದಿಲ್ಲ.

ಹಣದ ಲೆಕ್ಕಕ್ಕೆ ಬರೋಣ. ಲಂಡನ್ನಿನ ಶ್ರೀಮಂತ ವಿಧವೆ ಆನ್ ರ್‍ಯಾಡ್‌ಕ್ಲಿಫ್, ಅಂದರೆ ಲೇಡಿ ಮೌಲ್ಸನ್, ಬಡ ವಿದ್ಯಾರ್ಥಿಯೊಬ್ಬನ ಓದಿಗೆಂದು 1643ರಲ್ಲಿ ಹಾರ್ವರ್ಡ್‌ಗೆ 100 ಪೌಂಡ್ ಕೊಟ್ಟರು. ಅಮೆರಿಕದ ವಸಾಹತುಗಳಲ್ಲಿ ದತ್ತಿಯಾಗಿ ಸ್ಥಾಪನೆಯಾದ ಮೊದಲ ವಿದ್ಯಾರ್ಥಿವೇತನ ಅದು. ಆ ಹಣ ಮ್ಯಾಸಚೂಸೆಟ್ಸ್ ವಸಾಹತಿನ ಖಜಾನೆಯಲ್ಲಿ ಬೆರೆತುಹೋಗಿ, ಕಾಲೇಜಿಗೆ ಮರಳಿದ್ದು 1713ರಲ್ಲಿ. ಎಪ್ಪತ್ತು ವರ್ಷ! 1894ರಲ್ಲಿ ರ್‍ಯಾಡ್‌ಕ್ಲಿಫ್ ಕಾಲೇಜಿಗೆ ಅವರ ಹೆಸರಿಟ್ಟದ್ದು ದೊಡ್ಡ ಗೌರವವೇ. ಆದರೆ ಆ ಎಪ್ಪತ್ತು ವರ್ಷಗಳ ಬಡ ವಿದ್ಯಾರ್ಥಿಗಳಿಗೆ ಅದರಿಂದ ಏನೂ ಆಗಲಿಲ್ಲ. ಇಂದಿನ ನಿಧಿಗಳಲ್ಲೂ ದತ್ತಿ ಹಣ ಸಂಸ್ಥೆಯ ಸಾಮಾನ್ಯ ಖಾತೆಯಲ್ಲಿ ಸೇರಿಹೋಗುವುದು, ಯಾವುದು ಯಾರ ಹೆಸರಿನದೆಂದು ಹೊಸ ಖಜಾಂಚಿಗೆ ತಿಳಿಯದಿರುವುದು ಅಪರೂಪವಲ್ಲ. ದಾನಿ ಕುಟುಂಬ ಕೇಳಿದರೆ ಮಾತ್ರ ಲೆಕ್ಕ ಸಿಗುತ್ತದೆ. ಮೂರನೆಯ ತಲೆಮಾರಿಗೆ ಕೇಳುವವರೂ ಇರುವುದಿಲ್ಲ.

ಲೆಕ್ಕ ಸರಿಯಿದ್ದರೂ ಹಣ ಸವೆಯುತ್ತದೆ. ವರ್ಷಕ್ಕೆ ಶೇಕಡಾ 6ರಂತೆ ಬೆಲೆ ಏರಿದರೆ ಸುಮಾರು 12 ವರ್ಷಗಳಲ್ಲಿ ಎಲ್ಲದರ ಬೆಲೆ ಇಮ್ಮಡಿಯಾಗುತ್ತದೆ. ಅಂದರೆ, ಬಡ್ಡಿಯನ್ನೆಲ್ಲ ಹಂಚಿ ಮೂಲಧನವನ್ನು ಹಾಗೆಯೇ ಇಟ್ಟ ನಿಧಿಯ ವೇತನದ ಕೊಳ್ಳುವ ಶಕ್ತಿ 12 ವರ್ಷಕ್ಕೆ ಅರ್ಧವಾಗುತ್ತದೆ, 24ಕ್ಕೆ ಕಾಲುಭಾಗ. ಒಂದು ಕಾಲಕ್ಕೆ ವರ್ಷದ ಶುಲ್ಕಕ್ಕೆ ಸಾಕಾಗುತ್ತಿದ್ದದ್ದು ಇಂದು ಪಠ್ಯಪುಸ್ತಕಕ್ಕೂ ಸಾಲದು. ಆದರೂ ಅರ್ಜಿಯ ಪುಟಗಳು ಕಡಿಮೆಯಾಗುವುದಿಲ್ಲ. ಅಷ್ಟು ಹಣಕ್ಕೆ ಅಷ್ಟು ದಾಖಲೆ ಹೊಂದಿಸುವ ಓಡಾಟದ ಖರ್ಚೇ ಹೆಚ್ಚಾದೀತು ಎಂದು ಒಬ್ಬ ಮುಖ್ಯೋಪಾಧ್ಯಾಯರು ನನಗೆ ನೇರವಾಗಿ ಹೇಳಿದರು. ಮಕ್ಕಳಿಗೆ ಅವರು ಅರ್ಜಿ ಕೊಡುವುದನ್ನೇ ನಿಲ್ಲಿಸಿದ್ದರು. ಇಂಥ ಸಣ್ಣ ನಿಧಿಗಳನ್ನು ಒಟ್ಟುಗೂಡಿಸಿ ಎಂದರೆ ಕುಟುಂಬಗಳಿಗೆ ಬೇಸರ. ನಮ್ಮ ಹೆಸರು ಇನ್ನೊಬ್ಬರ ಹೆಸರಿನ ಜೊತೆ ಏಕೆ ಎಂದು. ಜೊತೆಗಿದ್ದರೆ ಏನು ಕಡಿಮೆಯಾಗುತ್ತದೆ ಎಂಬುದು ನನಗೆ ಇಂದಿಗೂ ಅರ್ಥವಾಗಿಲ್ಲ.

1958ರಲ್ಲಿ ಮ್ಯಾಸಚೂಸೆಟ್ಸ್‌ನ ಫಾಲ್ ರಿವರ್ ಎಂಬಲ್ಲಿ ಇರ್ವಿಂಗ್ ಫ್ರಾಡ್ಕಿನ್ ಎಂಬ ಕಣ್ಣು ಪರೀಕ್ಷಕರು ಊರಿನ ಪ್ರತಿಯೊಬ್ಬರಿಂದ ಒಂದೊಂದು ಡಾಲರ್ ಕೇಳಿ ತಮ್ಮೂರಿನ ಮಕ್ಕಳ ಕಾಲೇಜು ಓದಿಗೆ ನಿಧಿ ಕಟ್ಟಲು ಹೊರಟರು. ‘ಡಾಲರ್ಸ್ ಫಾರ್ ಸ್ಕಾಲರ್ಸ್’ ಎಂಬ ಹೆಸರಿನಲ್ಲಿ ಆ ಮಾದರಿ ಅಮೆರಿಕದ ಎಷ್ಟೋ ಊರುಗಳಿಗೆ ಹಬ್ಬಿತು. ಒಂದು ಡಾಲರ್ ಕೊಟ್ಟವನು ಫಲಕದ ಮೇಲೆ ಹೆಸರು ಕೇಳುವುದಿಲ್ಲ, ಪ್ರಬಂಧವನ್ನೂ ಬರೆಸುವುದಿಲ್ಲ. ಸ್ಮರಣಾರ್ಥ ನಿಧಿಗಳು ಹಾಗೆಯೇ ಆಗಬೇಕೆಂದು ನಾನು ಹೇಳುವುದಿಲ್ಲ. ಒಂದು ಸಾಮಾನ್ಯ ಅರ್ಜಿ, ಒಂದು ಆಯ್ಕೆ ಸಮಿತಿ, ಒಂದು ಲೆಕ್ಕಪತ್ರ ಇಟ್ಟುಕೊಂಡು, ವೇತನಕ್ಕೆ ಮಾತ್ರ ಆಯಾ ಕುಟುಂಬದ ಹೆಸರನ್ನು ಉಳಿಸಿಕೊಳ್ಳಲು ಯಾವ ಅಡ್ಡಿಯೂ ಇಲ್ಲ.

ಕಾಲೇಜುಗಳವರಿಗೂ ಇಲ್ಲಿ ಒಂದು ಮಾತು ಸಲ್ಲುತ್ತದೆ. ಹೊರಗಿನ ವೇತನ ಬಂತೆಂದು ತಿಳಿದ ಕೂಡಲೇ ತಾವು ಕೊಡುತ್ತಿದ್ದ ನೆರವಿನಲ್ಲಿ ಅಷ್ಟನ್ನು ಕಡಿತ ಮಾಡುವ ಸಂಸ್ಥೆಗಳಿವೆ. ದಾನಿ ಕೊಟ್ಟದ್ದು ಮಗುವಿಗೆ, ಉಳಿತಾಯವಾದದ್ದು ಕಾಲೇಜಿಗೆ. ಇದನ್ನು ತಡೆಯಲು ಅಮೆರಿಕದ ಮೇರಿಲ್ಯಾಂಡ್ ರಾಜ್ಯ 2017ರಲ್ಲಿ ತನ್ನ ಸಾರ್ವಜನಿಕ ಕಾಲೇಜುಗಳಿಗೆ ಕಾನೂನನ್ನೇ ಮಾಡಿತು. ಆಮೇಲೆ ಇತರ ಕೆಲವು ರಾಜ್ಯಗಳೂ ಅದೇ ದಾರಿ ಹಿಡಿದವು. ಕಾನೂನಿಲ್ಲದ ಕಡೆ, ಚೆಕ್ ಕಳಿಸುವ ಮುನ್ನ ಧರ್ಮದರ್ಶಿಗಳು ಕಾಲೇಜಿಗೆ ಪತ್ರ ಬರೆದು, ನಿಮ್ಮ ನೆರವು ಕಡಿತವಾಗುವುದಿಲ್ಲ ತಾನೇ ಎಂದು ಕೇಳಬಹುದು. ಕೇಳಿದವರನ್ನು ನಾನು ಕಂಡಿಲ್ಲ.

ಇಷ್ಟೆಲ್ಲ ಬದಲಿಸಿದರೆ ನಮ್ಮ ತಂದೆಯವರ ನೆನಪಿಗೆ ಏನು ಉಳಿಯಿತು ಎಂದು ನೀವು ಕೇಳಬಹುದು. ಮುಂಬೈಯ ವರ್ತಕ, ದಾನಿ ಜಗನ್ನಾಥ ಶಂಕರಶೇಠರು ತೀರಿಕೊಂಡದ್ದು 1865ರಲ್ಲಿ. ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಸಂಸ್ಕೃತಕ್ಕೆ ಅತಿ ಹೆಚ್ಚು ಅಂಕ ಪಡೆದವರಿಗೆ ಅವರ ಹೆಸರಿನ ವೇತನ ಸಿಗುತ್ತಿತ್ತು. 1912ರಲ್ಲಿ ಅದನ್ನು ಪಡೆದ ಸಿ.ಡಿ. ದೇಶಮುಖ್ 1943ರಲ್ಲಿ ರಿಸರ್ವ್ ಬ್ಯಾಂಕಿನ ಮೊದಲ ಭಾರತೀಯ ಗವರ್ನರ್ ಆದರು. ಅವರ ಜೀವನವನ್ನು ಬರೆಯುವವರು ಶಂಕರಶೇಠರ ಹೆಸರನ್ನು ಬಿಡುವುದಿಲ್ಲ. ಒಂದೇ ಸಾಲಿನ ನಿಯಮ, ಅನುಮಾನಕ್ಕೆ ಎಡೆಯಿಲ್ಲದ ಆಯ್ಕೆ. (ಅಂಕವನ್ನಷ್ಟೇ ನೋಡುವುದು ಸರಿಯೇ ಎಂಬುದು ಬೇರೆ ಜಗಳ, ಅದನ್ನು ಇನ್ನೊಮ್ಮೆ ಆಡೋಣ.) ವೇತನ ಪಡೆದವರ ಬಾಳಿನೊಂದಿಗೆ ಸೇರಿಕೊಂಡ ಹೆಸರು ಗೋಡೆಯ ಫಲಕಕ್ಕಿಂತ ದೂರ ಹೋಗುತ್ತದೆ.

ಆದ್ದರಿಂದ ನನ್ನ ಕೋರಿಕೆಗಳು. ಸಮಾರಂಭವನ್ನು ನಿಮಗೆ ಬೇಕಾದ ದಿನ ಮಾಡಿ, ಹೆಸರನ್ನು ಗಟ್ಟಿಯಾಗಿಯೇ ಕರೆಯಿರಿ, ಆದರೆ ಹಣವನ್ನು ಕಾಲೇಜು ಸೇರುವ ಮುನ್ನ ವಿದ್ಯಾರ್ಥಿಯ ಖಾತೆಗೆ ಹಾಕಿ. ರಸೀದಿಯನ್ನು ಆಮೇಲೆ ಕೇಳಿ. ಒಂದು ವರ್ಷ ಕೊಟ್ಟು ಕೈಬಿಡುವ ಬದಲು, ಕಡಿಮೆ ಮಕ್ಕಳನ್ನು ಆರಿಸಿದರೂ ಚಿಂತೆಯಿಲ್ಲ, ಓದು ಮುಗಿಯುವವರೆಗೆ ಅವರ ಜೊತೆಗಿರಿ. ಕಷ್ಟದ ಕಥೆಯನ್ನೂ ದಿವಂಗತರ ಸ್ತುತಿಯನ್ನೂ ಅರ್ಜಿಯಿಂದ ತೆಗೆದುಹಾಕಿ. ಅವರು ಯಾರು, ಹೇಗಿದ್ದರು ಎಂದು ವಿದ್ಯಾರ್ಥಿಗೆ ಒಂದು ಪುಟ ನೀವೇ ಬರೆದು ಕೊಡಿ. ಯಾವುದೇ ಅಂಕವಿಲ್ಲದ ಆ ಪುಟವನ್ನು ಮಗು ನಿಜವಾಗಿ ಓದುತ್ತದೆ. ಕುಟುಂಬದವರು ಆಯ್ಕೆಯಿಂದ ಹೊರಗಿರಲಿ. ಪ್ರತಿ ನಿಧಿಯ ಮೂಲಧನ, ಬಡ್ಡಿ, ಕೊಟ್ಟದ್ದು, ಕೊಡದೆ ಉಳಿದದ್ದು ಎಲ್ಲವನ್ನೂ ವರ್ಷಕ್ಕೊಮ್ಮೆ ಶಾಲೆಯ ಸೂಚನಾ ಫಲಕದಲ್ಲಿ ಹಾಕಿ.

ಇವುಗಳಲ್ಲಿ ಕೆಲವಕ್ಕೆ ದತ್ತಿ ಪತ್ರದ ತಿದ್ದುಪಡಿ ಬೇಕು, ಸಮಯ ಹಿಡಿಯುತ್ತದೆ ಎಂಬುದನ್ನು ಬಲ್ಲೆ. ಮುಂದಿನ ಸಾಲಿನ ಅರ್ಜಿ ಕರೆಯುವ ಮುನ್ನ ಈ ಪತ್ರವನ್ನು ನಿಮ್ಮ ಸಭೆಯ ಕಾರ್ಯಸೂಚಿಯಲ್ಲಿ ಸೇರಿಸಿ, ಒಪ್ಪದ ಅಂಶಗಳಿಗೆ ಕಾರಣವನ್ನು ಬಹಿರಂಗವಾಗಿಯೇ ಬರೆಯಿರಿ. ಪಾವತಿಯ ದಿನಾಂಕವನ್ನಂತೂ ಈ ವರ್ಷವೇ ಬದಲಿಸಿ. ನಾನು ನೋಡಿದ ಯಾವ ದತ್ತಿ ಪತ್ರದಲ್ಲೂ ಆ ದಿನಾಂಕ ನಮೂದಾಗಿಲ್ಲ. ಅದನ್ನು ನಿಗದಿ ಮಾಡಿದ್ದು ಸಮಿತಿಯ ಠರಾವು. ತೆಗೆಯುವುದಕ್ಕೂ ಒಂದು ಠರಾವು, ಖಜಾಂಚಿಯವರ ಒಂದು ಸಹಿ ಸಾಕು.

ಇತಿ ತಮ್ಮ ವಿಶ್ವಾಸಿ,
ಆಯ್ಕೆ ಸಮಿತಿಯೊಂದರ ಮಾಜಿ ಸದಸ್ಯ